ಅಡ್ಡಹೆಸರಿಲ್ಲದ ಹೆಂಗಸರ ಪಟ್ಟಿ

ಆಳಂದದ ಬಸ್ ನಿಲ್ದಾಣದ ಎದುರು ಶೈಲಶ್ರೀಯ ಟೈಪಿಂಗ್ ಅಂಗಡಿ. ಓದಿದ್ದು ಪಿಯುಸಿ, ಆದರೆ ಹನ್ನೊಂದು ವರ್ಷಗಳಲ್ಲಿ ಆಕೆಯ ಕೈಯಿಂದ ಹಾದುಹೋದ ಪಿಎಚ್‌ಡಿ ಪ್ರಬಂಧಗಳಿಗೆ ಲೆಕ್ಕವಿಲ್ಲ. ಪುಟದ ಅಂಚು ಎಷ್ಟು, ಅಡಿಟಿಪ್ಪಣಿ ಎಲ್ಲಿ, ಪುಸ್ತಕದ ಹೆಸರಿನ ನಂತರ ಚುಕ್ಕೆಯೋ ಅಲ್ಪವಿರಾಮವೋ ಎಂದು ಪ್ರಾಧ್ಯಾಪಕರೂ ಆಕೆಗೆ ಫೋನ್ ಮಾಡಿ ಕೇಳುತ್ತಿದ್ದರು. ನಿಯಮ ಬದಲಾದಾಗಲೆಲ್ಲ ಸುತ್ತೋಲೆಯನ್ನು ಕೊನೆಯ ಸಾಲಿನವರೆಗೂ ಓದುವುದು ಆಕೆಯ ರೂಢಿ.

ಕಳೆದ ವರ್ಷ ಜೇವರ್ಗಿಯ ನಿಶಾತ ತನ್ನ ಪ್ರಬಂಧ ಹಿಡಿದು ಬಂದಳು. ಮನೆಯಲ್ಲೇ ಬಿತ್ತನೆ ಬೀಜ ಕಾಪಿಡುವ ಹೆಂಗಸರ ಕುರಿತ ಅಧ್ಯಯನ ಅದು. ನಾಲ್ಕು ವರ್ಷ ಊರೂರು ಅಲೆದು ನಲವತ್ತೊಂದು ಹೆಂಗಸರನ್ನು ಮಾತಾಡಿಸಿದ್ದಳು. ಸಲ್ಲಿಸಲು ಎಂಟು ದಿನವಿರುವಾಗ ವಿಶ್ವವಿದ್ಯಾಲಯದ ಹೊಸ ನಿಯಮ ಬಂದಿತ್ತು: ಉಲ್ಲೇಖಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರಿನ ಮೊದಲಕ್ಷರ ಮಾತ್ರ ಆಮೇಲೆ. ಅಡ್ಡಹೆಸರಿಲ್ಲದವರಿಗೆ ನಿಶಾತ ಗಂಡನ ಹೆಸರು ಹಾಕಿ ತಂದಿದ್ದಳು.

ಟೈಪ್ ಮಾಡುತ್ತಿದ್ದ ಶೈಲಶ್ರೀ ‘ದೌಲತರಾಯ, ಗೌ.’ ಎಂಬಲ್ಲಿ ಕೈ ನಿಲ್ಲಿಸಿದಳು.

“ನಿಶಾತ, ಈ ದೌಲತರಾಯ ಅವರು ನಿನಗ ಏನು ಹೇಳ್ಯಾರವ್ವ?”

“ಅವರೇನೂ ಹೇಳಿಲ್ರಿ ಅಕ್ಕಾರ. ಹೇಳಿದಾಕಿ ಅತನೂರಿನ ಗೌರಾಬಾಯಿ. ಆಕಿ ಗಂಡಗ ಬೀಜದ ಗಡಿಗಿ ಎಲ್ಲಿ ಅದ ಅಂತನೂ ಗೊತ್ತಿಲ್ಲ.”

“ಮತ್ತ ಹೆಸರು ಅವರದ್ಯಾಕ?”

“ನಿಯಮ ಹಂಗದರಿ. ಇಲ್ಲಂದ್ರ ಆಫೀಸಿನ್ಯಾಗ ತಗೊಳ್ಳಂಗಿಲ್ಲ.”

ಶೈಲಶ್ರೀ ಸುತ್ತೋಲೆ ತೆಗೆದು ಒಂಬತ್ತನೆಯ ಪುಟಕ್ಕೆ ಬಂದಳು. ಅಡ್ಡಹೆಸರು ಬಳಸದವರ ಪೂರ್ಣ ಹೆಸರನ್ನು ಇದ್ದಂತೆಯೇ ಬರೆಯತಕ್ಕದ್ದು ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಿಶಾತಳಿಗೆ ಅದನ್ನು ತೋರಿಸಿ, ಕೆಲಸ ಶುರು ಮಾಡಿದಳು. ಇಪ್ಪತ್ತೊಂಬತ್ತು ಹೆಸರು ಬದಲಾಗಬೇಕಿತ್ತು. ಪಟ್ಟಿಯ ಅಕಾರಾದಿ ಕ್ರಮ ಬದಲಾಯಿತು, ಒಳಪುಟಗಳಲ್ಲಿ ಆ ಹೆಸರು ಬಂದ ಕಡೆಯೆಲ್ಲ ತಿದ್ದಬೇಕಾಯಿತು. ಎರಡು ದಿನ ಹಿಡಿಯಿತು.

ಆದರೂ ‘ಅಡ್ಡಹೆಸರು ಮೊದಲಿಲ್ಲ’ ಎಂಬ ಷರಾ ಹೊತ್ತು ಪ್ರಬಂಧ ವಾಪಸು ಬಂತು. ಶೈಲಶ್ರೀ ಅಂಗಡಿಗೆ ಬೀಗ ಹಾಕಿ, ನಿಶಾತಳ ಜೊತೆ ಕಲಬುರಗಿ ಬಸ್ ಹತ್ತಿದಳು.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಪ್ರಬಂಧ ಪರಿಶೀಲಿಸುವ ಸಿದ್ದರಾಮೇಶ ಕನ್ನಡಕದ ಮೇಲಿಂದ ನೋಡಿದರು. “ನೀವ್ಯಾರ್ರಿ?”

“ಟೈಪ್ ಮಾಡಿದಾಕಿ ನಾನೇ ರೀ. ಒಂಬತ್ತನೇ ಪುಟ ನೋಡ್ರಿ, ಕೆಳಗಿನ ಸಾಲು.”

ಅವರು ಎರಡು ಸಲ ಓದಿದರು. ಪಕ್ಕದ ಕೋಣೆಗೆ ಹೋಗಿ ಮೇಲಧಿಕಾರಿಗೂ ತೋರಿಸಿ ಬಂದರು. “ಖರೇ ಅದರಿ. ಈ ಸಾಲು ನನ್ನ ಕಣ್ಣಿಗೇ ಬಿದ್ದಿದ್ದಿಲ್ಲ,” ಎಂದು ಮುದ್ರೆ ಒತ್ತಿದರು. ನಿಶಾತ ಶೈಲಶ್ರೀಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಿದ್ದರಾಮೇಶ ಕಪಾಟಿನಿಂದ ಇನ್ನೂ ಮೂರು ಪ್ರಬಂಧ ತೆಗೆದರು. “ಇವನ್ನೂ ಇದಕ್ಕೇ ವಾಪಸ್ ಕಳಸಾಕ ಹೊಂಟಿದ್ದೆ. ನೋಟಿಸ್ ಬೋರ್ಡಿಗೆ ಒಂದು ಚೀಟಿ ಬರೆದುಕೊಡ್ತೀರೇನ್ರಿ, ಎಲ್ಲಾರಿಗೂ ತಿಳಿಯೂ ಹಂಗ?”

ಶೈಲಶ್ರೀ ಕುರ್ಚಿ ಎಳೆದುಕೊಂಡು ಅಲ್ಲೇ ಬರೆಯಲು ಕೂತಳು.