ಗಿಟಾರಣ್ಣನ ಎಡಗೈ

ಗಿಟಾರಣ್ಣನ ಎಡಗೈ ಬೆರಳ ತುದಿಗಳು ಬರಿಗಾಲಲ್ಲಿ ನಡೆಯುವವರ ಹಿಮ್ಮಡಿಯ ಹಾಗೆ ಗಟ್ಟಿಯಾಗಿದ್ದವು. ಉಕ್ಕಿನ ತಂತಿ ಒತ್ತಿ ಒತ್ತಿ ಒಂದೊಂದು ತುದಿಯಲ್ಲೂ ಸಣ್ಣ ಗೀರು ಬಿದ್ದಿತ್ತು. ಗೀರಿನ ಸುತ್ತ ಚರ್ಮ ಹಳದಿಗಟ್ಟಿ ಹೊಳೆಯುತ್ತಿತ್ತು. ನಮ್ಮ ಆರ್ಕೆಸ್ಟ್ರಾದ ಹುಡುಗರು ವ್ಯಾನಿನಲ್ಲಿ ಅವರ ಕೈ ಎಳೆದುಕೊಂಡು ಆ ತುದಿಗಳಿಗೆ ಉಗುರು ಚುಚ್ಚಿ ನೋಡುವರು. ಅವರು ಬೀಡಿ ಸೇದುತ್ತ, ಚುಚ್ಚಿಸಿಕೊಳ್ಳುತ್ತಿರುವುದು ಬೇರೆ ಯಾರ ಕೈಯೋ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂತಿರುವರು. ಆ ಕೈ ಅಂದರೆ ಅವರಿಗೆ ಭಾರಿ ಜಂಬ. ನಮಗೂ ಇತ್ತು ಅನ್ನಿ.

ತೊಂಬತ್ತರ ದಶಕದಲ್ಲಿ ನಂಜನಗೂಡಿನ ಆ ವಾದ್ಯಗೋಷ್ಠಿಯಲ್ಲಿ ಹಾಡುವವಳೂ ನಾನೇ, ನಿರೂಪಣೆ ಮಾಡುವವಳೂ ನಾನೇ. ಒಬ್ಬಳಿಂದ ಎರಡು ಕೆಲಸ ಆಗುವಾಗ ಇಬ್ಬರನ್ನು ಯಾಕೆ ಕರೆಯಬೇಕು ಅನ್ನುವ ಪೈಕಿ ನಮ್ಮ ಮಾಲೀಕರು. ಕೀಬೋರ್ಡ್ ನುಡಿಸುತ್ತಿದ್ದವರೂ ಅವರೇ. ಗಣಪತಿ ಕೂರಿಸಿದ ಊರು, ಶಾಲೆಯ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಎಲ್ಲಿ ಕರೆದರೆ ಅಲ್ಲಿಗೆ ನಮ್ಮ ವ್ಯಾನು. ನನ್ನ ಗಂಡ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದವರು, ಹಾಗಾಗಿ ನನ್ನ ಪುಟ್ಟ ಮಗಳೂ ವ್ಯಾನು ಹತ್ತುತ್ತಿದ್ದಳು. ಗಿಟಾರಣ್ಣ ಟಿ. ನರಸೀಪುರದವರು. ಮೈಸೂರಿನ ಒಂದು ಚರ್ಚಿನಲ್ಲಿ ಗಿಟಾರ್ ಕಲಿತು, ಯಾರೋ ಕೊಟ್ಟ ಕ್ಯಾಸೆಟ್ಟು ಕೇಳಿ ಕೇಳಿ ರಾಕ್ ಸಂಗೀತದ ಹುಚ್ಚು ಹತ್ತಿಸಿಕೊಂಡವರು. ಸಿನಿಮಾ ಹಾಡು ನುಡಿಸುವುದು ಹೊಟ್ಟೆಪಾಡಿಗೆ. ಆದರೆ ಮಧ್ಯಂತರಕ್ಕೆ ಮುಂಚೆ ಐದು ನಿಮಿಷ ತಮಗೇ ಬಿಟ್ಟುಕೊಡಬೇಕು ಅನ್ನುವುದು ಅವರ ಕರಾರು. ಕಪ್ಪು ತುಂಬುತೋಳಿನ ಅಂಗಿ, ಭುಜ ಮುಟ್ಟುವ ಕೂದಲು. ಕಣ್ಣು ಮುಚ್ಚಿಕೊಂಡು ಅವರು ಎಬ್ಬಿಸುತ್ತಿದ್ದ ಸದ್ದಿಗೆ ಮುಂದೆ ಕೂತ ಅಜ್ಜಿಯರು ಕಿವಿ ಮುಚ್ಚಿಕೊಳ್ಳುವರು, ಹಿಂದೆ ನಿಂತ ಹುಡುಗರು ಸೀಟಿ ಹೊಡೆಯುವರು. ನನಗೋ, ಗ್ರೈಂಡರಿಗೆ ಕಲ್ಲು ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಮುಖದ ಮೇಲೆ ಹೇಳಿಯೂ ಬಿಟ್ಟಿದ್ದೆ.

"ಕಲ್ಲು ಸಿಕ್ಕಾಕೊಂಡ್ರೆ ಗ್ರೈಂಡರ್ ಅಳ್ತದಲ್ಲವ್ವ, ಅದೇ ಕಣವ್ವ ರಾಕ್ ಅಂದ್ರೆ" ಅಂದರು. ಅವತ್ತಿನಿಂದ ನಾನು ಅದನ್ನು ಸ್ವಲ್ಪ ಗಮನವಿಟ್ಟು ಕೇಳತೊಡಗಿದೆ.

ಆರ್ಕೆಸ್ಟ್ರಾ ಅಂದರೆ ನಮ್ಮ ಕಡೆ ಜನ ಚೀಟಿ ಕಳಿಸುವುದು ವಾಡಿಕೆ. ಬೇಕಾದ ಹಾಡು ಬರೆದು ವೇದಿಕೆಗೆ ದಾಟಿಸುತ್ತಾರೆ, ನಿರೂಪಕಿ ಓದುತ್ತಾಳೆ. ಗಿಟಾರಣ್ಣ ಬಂದಮೇಲೆ ಹಾಡಿನ ಬದಲು ಪ್ರಶ್ನೆಗಳು ಬರತೊಡಗಿದವು. ಗಿಟಾರಿಗೆ ಕರೆಂಟು ಯಾಕೆ, ಶಾಕ್ ಹೊಡೆಯಲ್ಲವಾ, ಕೂದಲಿಗೆ ಯಾವ ಎಣ್ಣೆ. ಮಾಲೀಕರು ಅದನ್ನೇ ಒಂದು ಐಟಂ ಮಾಡಿಬಿಟ್ಟರು. ಮಧ್ಯಂತರದಲ್ಲಿ ಮಿಕ್ಕವರು ಟೀ ಕುಡಿಯುವ ಹೊತ್ತಿಗೆ ನಾನು ಚೀಟಿ ಓದುವುದು, ಅವರು ಉತ್ತರ ಹೇಳುವುದು. ಸೋಮನಾಥಪುರದಲ್ಲಿ ಒಬ್ಬ, ಗಿಟಾರ್ ಕಲಿತರೆ ಹುಡುಗಿಯರು ಬೀಳುತ್ತಾರಾ ಎಂದು ಕೇಳಿದ್ದ. ನನಗೇ ಇನ್ನೂ ಮದುವೆಯಾಗಿಲ್ಲ, ನೀನೇ ಲೆಕ್ಕ ಹಾಕಿಕೋ ಎಂದರು. ಯಾವ ಪ್ರಶ್ನೆಯನ್ನೂ ಹಗುರ ಮಾಡುತ್ತಿರಲಿಲ್ಲ. ಕೇಳಿದವನು ಎಲ್ಲಿದ್ದಾನೆಂದು ಕಣ್ಣಲ್ಲೇ ಹುಡುಕಿ, ಅವನಿಗೇ ಹೇಳುತ್ತಿದ್ದರು. ಹಾರಿಕೆಯ ಉತ್ತರ ಅವರಿಗೆ ಆಗದು. ನಾನೇನಾದರೂ ಮಾತು ತೇಲಿಸಿದರೆ ಮೈಕಿನಲ್ಲೇ ನನ್ನನ್ನು ಹಿಡಿದು ಹಾಕುತ್ತಿದ್ದರು.

ಎಲ್ಲ ಊರಲ್ಲೂ ತಪ್ಪದೆ ಬರುತ್ತಿದ್ದ ಪ್ರಶ್ನೆ, ಬೆರಳು ನೋಯಲ್ಲವಾ ಎಂಬುದು. ಅದಕ್ಕೆ ಬಾಯಲ್ಲಿ ಹೇಳುವ ಮೊದಲು ಉರಿಯುವ ಊದುಬತ್ತಿಯೊಂದನ್ನು ತರಿಸುವರು. ಕೆಂಡದ ತುದಿಯನ್ನು ಎಡಗೈ ಬೆರಳಲ್ಲಿ ಹಿಸುಕಿ ಆರಿಸಿ, ಕೈ ಎತ್ತಿ ತೋರಿಸುವರು. ಜನ ಹೋ ಅನ್ನುವರು. "ಮೊದ್ಲು ನೋಯ್ತದೆ. ಆಮ್ಯಾಕೆ ಅಭ್ಯಾಸ ಆಯ್ತದೆ. ಆಮ್ಯಾಕೆ ಗೊತ್ತೇ ಆಗಾಕಿಲ್ಲ. ಅಲ್ಲೀಗಂಟ ನುಡಿಸ್ಬೇಕು ಕಣ್ರಪ್ಪ" ಅನ್ನುವರು.

ಮೊದಮೊದಲು ಇದನ್ನೆಲ್ಲ ತೋರುಬೆರಳಲ್ಲಿ ಚಕ್ಕನೆ ಮಾಡಿ, ಪರದೆಯ ಹಿಂದೆ ಬಂದು ನೀರಿನ ಚೊಂಬಿಗೆ ಬೆರಳು ಅದ್ದಿಕೊಳ್ಳುತ್ತಿದ್ದರು. ನಾವು ನಗುತ್ತಿದ್ದೆವು. ವರ್ಷ ಕಳೆದಂತೆ ಚೊಂಬು ಬೇಡವಾಯಿತು. ಉಂಗುರ ಬೆರಳು, ಕಿರುಬೆರಳಲ್ಲೂ ಆರಿಸತೊಡಗಿದರು. ನಿಧಾನವಾಗಿ, ಜನರ ಕಡೆ ನೋಡಿ ನಗುತ್ತ, ಕೆಂಡವನ್ನು ಒತ್ತಿ ಹಿಡಿದುಕೊಂಡೇ ಇರುವರು. ಕೈ ಪಳಗಿತು ಅಂದರು. ನಾವೆಲ್ಲ ನಂಬಿದೆವು. ಅಷ್ಟು ವರ್ಷ ತಂತಿ ಒತ್ತಿದ ಕೈಗೆ ನೋವಿಲ್ಲ ಅಂದರೆ ಯಾರು ತಾನೆ ನಂಬುವುದಿಲ್ಲ?

ಒಂದು ಮಧ್ಯಾಹ್ನ ನಂಜನಗೂಡಿನ ನಮ್ಮ ರಿಹರ್ಸಲ್ ಕೋಣೆಯಲ್ಲಿ ಅವರು ಕಿತ್ತುಹೋದ ವೈರಿಗೆ ಬೆಸುಗೆ ಹಾಕುತ್ತ ಕೂತಿದ್ದರು. ಏನೋ ಸುಡುತ್ತಿದೆ ಅಮ್ಮ ಎಂದಳು ಮಗಳು. ಆಂಪ್ಲಿಫೈಯರ್ ಮುಟ್ಟಿ ನೋಡಿದೆವು, ಸ್ವಿಚ್ಚು ತೆಗೆದೆವು, ಅವರೂ ಕೂತಲ್ಲೇ ನಮ್ಮ ಜೊತೆ ಮೂಗರಳಿಸಿ ಹುಡುಕಿದರು. ಸುಡುತ್ತಿದ್ದದ್ದು ಅವರದೇ ಎಡಗೈ. ಕಿರುಬೆರಳ ಕೆಳಗಿನ ಅಂಗೈ ಅಂಚು ಕಾದ ಬೆಸುಗೆ ಕಡ್ಡಿಯ ಮೇಲೆ ಒರಗಿತ್ತು. ನಾನು ಆ ಕೈಯನ್ನು ಎಳೆದ ಮೇಲೇ ಅವರು ನೋಡಿಕೊಂಡದ್ದು.

ತಂತಿ ಮುಟ್ಟುವುದು ಬೆರಳ ತುದಿಯಲ್ಲವಾ ಅಣ್ಣ, ಇಲ್ಲಿಗೆ ಯಾಕೆ ಬಿಸಿ ಗೊತ್ತಾಗಲಿಲ್ಲ ಎಂದು ಕೇಳಿದೆ. ಊರೂರಿನ ಪ್ರಶ್ನೆಗಳಿಗೆ ಉತ್ತರ ಹೇಳಿದ ಮನುಷ್ಯ ಕರವಸ್ತ್ರ ಸುತ್ತಿಕೊಂಡು ಹೊರಗೆ ಹೋದರು. ಅವತ್ತು ಮತ್ತೆ ಒಳಗೆ ಬರಲಿಲ್ಲ.

ಆಮೇಲಿನದು ಬರೀ ಒದ್ದಾಟ. ಕಿರುಬೆರಳು ಮಡಚಿಕೊಂಡಿತು, ಹಿಂದೆಯೇ ಉಂಗುರ ಬೆರಳು. ಬಿಳಿ ಟೇಪು ಸುತ್ತಿ ನೆಟ್ಟಗೆ ನಿಲ್ಲಿಸಲು ನೋಡಿದರು. ಉಳಿದ ಬೆರಳಲ್ಲೇ ಹಾಡು ಹೊಂದಿಸಿಕೊಂಡರು. ಅದೂ ಸಾಲದಾದಾಗ ಒಂದು ಟಾನಿಕ್ ಬಾಟಲಿಯ ಕತ್ತು ಒಡೆದು ಅಂಚು ತೇದು ನಡುಬೆರಳಿಗೆ ತೊಟ್ಟು, ತಂತಿಯ ಮೇಲೆ ಜಾರಿಸಿ ನುಡಿಸಿದರು. ಇದು ಯಾವ ಹೊಸ ಸ್ಟೈಲ್ ಎಂದು ಚೀಟಿ ಬಂತು. ಅಮೆರಿಕದ ಕಡೆ ಹೀಗೂ ನುಡಿಸುತ್ತಾರೆ ಎಂದರು. ಸುಳ್ಳಲ್ಲ ಅದು, ಆದರೆ ಅವರು ಕೇಳಿದವನ ಮುಖ ನೋಡಿ ಹೇಳಲಿಲ್ಲ.

ಸುತ್ತೂರಿನ ಹತ್ತಿರದ ಹಳ್ಳಿಯಲ್ಲಿ ಒಂದು ಸಂಜೆ ಕಾರ್ಯಕ್ರಮ. ವೇದಿಕೆಯ ಮುಂದೆ ಅಭಿಮಾನಿ ಹುಡುಗರ ಗುಂಪು, ಎಲ್ಲರೂ ಕಪ್ಪು ಅಂಗಿ. ಕೈ ಎತ್ತಿ ಕುಣಿಯುತ್ತಿದ್ದರು. ಎತ್ತಿದ ಒಂದೊಂದು ಎಡಗೈಯಲ್ಲೂ ಕೊನೆಯ ಎರಡು ಬೆರಳಿಗೆ ಬಿಳಿ ಟೇಪು. ಅವರ ಹಾಗೇ ಸುತ್ತಿಕೊಂಡು ಬಂದಿದ್ದರು. ಗಿಟಾರಣ್ಣ ನುಡಿಸುವುದನ್ನು ನಿಲ್ಲಿಸಿ ಸುಮ್ಮನೆ ನಿಂತರು. ಗಿಟಾರಿನ ಕರೆಂಟು ಹೋಯಿತೆಂದು ಜನ ಅಂದುಕೊಂಡರು. ಮಾರನೆಯ ಬೆಳಿಗ್ಗೆ ಅವರು ನಮ್ಮ ಮನೆ ಬಾಗಿಲಿಗೆ ಬಂದು, ಆಸ್ಪತ್ರೆಗೆ ಜೊತೆಗೆ ಬರ್ತೀಯಾ, ಒಬ್ಬನೇ ಹೋಗಲು ಹೆದರಿಕೆ ಆಗುತ್ತದೆ ಎಂದರು.

ಡಾಕ್ಟರಮ್ಮ ಆ ಕಪ್ಪು ಅಂಗಿಯ ತೋಳು ಮೇಲೆತ್ತಿಸಿದರು. ಮೊಣಕೈ ಸುತ್ತ ಮಾಸಲು ಬಿಳಿಯ ಮಚ್ಚೆ. ಚಿಬ್ಬು ಅಂದುಕೊಂಡು ಮುಲಾಮು ಹಚ್ಚುತ್ತಿದ್ದರಂತೆ. ಕಣ್ಣು ಮುಚ್ಚಿಕೊಳ್ಳಿ, ಹತ್ತಿ ಮುಟ್ಟಿಸಿದಾಗ ಬಲಗೈ ಎತ್ತಿ ಎಂದರು. ಗಿಟಾರಣ್ಣ ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತು ಕಣ್ಣು ಮುಚ್ಚಿದರು. ಹತ್ತಿ ಮಚ್ಚೆಯ ಮೇಲೆ ಹೋಯಿತು, ಮುಂಗೈ ಮೇಲೆ, ಅಂಗೈ ಅಂಚಿನ ಮೇಲೆ, ಕಿರುಬೆರಳ ಮೇಲೆ ಹೋಯಿತು. ಬಲಗೈ ತೊಡೆಯ ಮೇಲೇ ಕಾಯುತ್ತಿತ್ತು. ಇನ್ನೂ ಶುರು ಮಾಡಿಲ್ಲವಾ ಮೇಡಂ ಎಂದು ಅವರು ಕೇಳಿದರು.

ಕುಷ್ಠ. ಮಾತ್ರೆಗೆ ಹೋಗುವ ರೋಗ, ಮಾತ್ರೆ ಶುರುವಾದರೆ ಇನ್ನೊಬ್ಬರಿಗೆ ಅಂಟುವುದಿಲ್ಲ, ಆದರೆ ವರ್ಷಗಟ್ಟಲೆ ಸತ್ತಿರುವ ನರ ಎದ್ದು ಬರುವುದಿಲ್ಲ ಎಂದರು ಡಾಕ್ಟರಮ್ಮ. ಇಷ್ಟು ದಿನ ಗೊತ್ತೇ ಆಗಲಿಲ್ಲವಾ ಎಂದೂ ಕೇಳಿದರು.

"ನಾನು ಗಿಟಾರ್ ನುಡಿಸೋನು ಮೇಡಂ" ಎಂದರು ಅವರು. ಅದಕ್ಕಿಂತ ಬೇರೆ ವಿವರಣೆ ಇರಲೂ ಇಲ್ಲ.

ಯಾರಿಗೂ ಹೇಳಬೇಡ ಎಂದು ಬಸ್ಸಿನಲ್ಲಿ ಬೇಡಿಕೊಂಡರು. ನಾನು ಹೇಳಲಿಲ್ಲ. ಆದರೆ ಮಾತ್ರೆಯಿಂದ ಮೈಬಣ್ಣ ಕಪ್ಪಾಯಿತು, ನರಸೀಪುರದಲ್ಲಿ ಅವರಿದ್ದ ಸ್ವಂತ ಅಣ್ಣನ ಮನೆಯಲ್ಲಿ ತಟ್ಟೆ ಲೋಟ ಬೇರೆ ಆಯಿತು. ಅಷ್ಟು ಸಾಕಲ್ಲ ಸುದ್ದಿಗೆ. ಹೆಮ್ಮಿಗೆಯಲ್ಲಿ ಗಣಪತಿ ಕಾರ್ಯಕ್ರಮಕ್ಕೆ ನಾವು ಹೋಗುವ ಹೊತ್ತಿಗೆ ಅದು ನಮಗಿಂತ ಮುಂಚೆ ಅಲ್ಲಿ ಇಳಿದಿತ್ತು. ಮಧ್ಯಂತರದಲ್ಲಿ ಚೀಟಿ ಬಿಡಿಸುತ್ತಿದ್ದ ನಾನು ಒಂದನ್ನು ಓದದೆ ಸೆರಗಿನಡಿ ಸೇರಿಸಿದೆ. ಅವರು ಕೈ ಚಾಚಿದರು. ಇಸಿದುಕೊಂಡು ತಾವೇ ಮೈಕಿನಲ್ಲಿ ಓದಿದರು. ಗಿಟಾರಿನವನಿಗೆ ಕುಷ್ಠವಂತೆ, ನಿಜವಾ, ನಿಜವಾದರೆ ಯಾಕೆ ಕರೆದುಕೊಂಡು ಬಂದಿರಿ ಎಂದಿತ್ತು.

ಗುಂಪಿನಲ್ಲಿ ಕಣ್ಣಾಡಿಸಿ ಹುಡುಕಿದರು. ಯಾರೂ ಮುಖ ಕೊಡಲಿಲ್ಲ.

"ದಿಟ ಕಣಪ್ಪ. ಮಾತ್ರೆ ತಕೊಂತಾವ್ನಿ, ನಿಮ್ಗೆ ಅಂಟಾಕಿಲ್ಲ. ನಿಮ್ಮುಂದೆ ಊದ್‌ಬತ್ತಿ ಆರುಸ್ತಿದ್ನಲ್ಲ, ಗಿಟಾರಿಂದ ಅಂತಿದ್ನಲ್ಲ, ಅದು ಗಿಟಾರಿಂದ ಅಲ್ಲ. ರೋಗ ಅದು. ನೀವು ಚಪ್ಪಾಳೆ ತಟ್ಟುದ್ರಿ, ನಾನು ನಂಬ್ಕೊಂಡೆ. ಯಾರ್ ಮೈ ಮ್ಯಾಲಾದ್ರೂ ಮಚ್ಚೆ ಇದ್ರೆ, ಮುಟ್ಟುದ್ರೆ ಗೊತ್ತಾಗ್ನಿಲ್ಲ ಅಂದ್ರೆ, ನಾಳೀಕೇ ಆಸ್ಪತ್ರೆಗೆ ಓಗಿ. ನನ್ನಂಗೆ ಕಾಯ್ಬ್ಯಾಡಿ."

ಯಾರೂ ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ. ಮುಂದಿನ ಸಾಲಿನವರು ಎದ್ದು ಮಕ್ಕಳನ್ನು ಎತ್ತಿಕೊಂಡು ಕುರ್ಚಿಗಳನ್ನು ಹಿಂದಕ್ಕೆ ಎಳೆದುಕೊಂಡರು. ಅವರ ಹಿಂದಿನವರೂ ಎಳೆದುಕೊಂಡರು. ವೇದಿಕೆಯ ಮುಂದೆ ಖಾಲಿ ನೆಲ ಬೆಳೆಯುತ್ತ ಹೋಯಿತು. ಸಂಘಟಕರು ಬಂದು ಇಲ್ಲಿಗೆ ಸಾಕು ಎಂದು ಮಾಲೀಕರ ಕಿವಿಯಲ್ಲಿ ಹೇಳಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನನ್ನ ನಾಲಿಗೆ ಅಷ್ಟು ಚೂಪಾಗಿತ್ತು ಆಗ. ಆ ಕುರ್ಚಿಗಳಿಗೆ ಏನು ಹೇಳುವುದು?

ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಕಾರ್ಯಕ್ರಮಕ್ಕೆ ವ್ಯಾನು ನರಸೀಪುರದ ಕಡೆ ಹೋಗಲಿಲ್ಲ, ಅಷ್ಟೆ. ಕೀಬೋರ್ಡಿನಲ್ಲೇ ಗಿಟಾರ್ ಸದ್ದು ಬರುತ್ತದೆ ಎಂದರು ಮಾಲೀಕರು. ಗಿಟಾರಣ್ಣ ನರಸೀಪುರದಲ್ಲೇ ಹೊಳೆ ಕಡೆಯ ಬೀದಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಉಳಿದರು. ಗಿಟಾರನ್ನು ತಿರುಗಿಸಿ ಹಿಡಿದು, ಬಲಗೈಯಲ್ಲಿ ತಂತಿ ಒತ್ತಿ ಕಲಿಯಲು ನೋಡಿದರು. ಮೀಟಲು ಎಡಗೈ ಒಪ್ಪಲಿಲ್ಲ. ಮಾತ್ರೆಯ ಕಾಲ ಮುಗಿಯಿತು, ರೋಗ ಹೋಯಿತು ಎಂದು ಆಸ್ಪತ್ರೆಯವರೇ ಹೇಳಿದರು. ಆದರೂ ಕಪ್ಪು ಅಂಗಿಯ ಹುಡುಗರಲ್ಲಿ ಒಬ್ಬನೂ ಆ ಬೀದಿಗೆ ಬರಲಿಲ್ಲ.

ಕೆಲವು ವರ್ಷ ಕಳೆದು, ಮಗಳಿಗೆ ಜಡೆ ಹಾಕುವಾಗ ಅವಳ ತೋಳಿನ ಹಿಂದೆ ಒಂದು ಮಸುಕು ಮಚ್ಚೆ ಕಂಡೆ. ಬಿಸಿಲಿಗೆ ಹಾಗಾಗುತ್ತದೆ ಎಂದರು ನನ್ನ ಗಂಡ. ಹೆಮ್ಮಿಗೆಯಲ್ಲಿ ಗಿಟಾರಣ್ಣ ಆಡಿದ ಮಾತು ನನ್ನ ಕಿವಿಯಲ್ಲೇ ಇತ್ತು. ಕಣ್ಣು ಮುಚ್ಚಿಸಿ ಹತ್ತಿ ಮುಟ್ಟಿಸಿದೆ. ಮುಟ್ಟಿಸಿಯೇ ಇಲ್ಲ ಅಂದಳು. ಮತ್ತೆ ಮುಟ್ಟಿಸಿದೆ. ಆಟ ಆಡಬೇಡಮ್ಮ ಅಂದಳು. ಆವತ್ತೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಬೇಗ ಕರೆತಂದಿದ್ದೀರಿ, ನರಕ್ಕೆ ಏನೂ ಆಗಿಲ್ಲ, ಆರು ತಿಂಗಳ ಮಾತ್ರೆ ಸಾಕು ಎಂದರು ಡಾಕ್ಟರು. ಯಾರಿಂದ ಬಂದಿರಬಹುದು ಎಂದು ಕೇಳಿದೆ. ವರ್ಷಗಟ್ಟಲೆ ಮೈಯಲ್ಲಿ ಅಡಗಿರುತ್ತದೆ, ಹೇಳಲು ಬರುವುದಿಲ್ಲ ಎಂದರು. ಗಿಟಾರಿನವನಿಂದಲೇ ಬಂತು ಎನ್ನಲು ನನ್ನ ಅತ್ತೆಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ.

ನಾನು ಪೆದ್ದಿ, ಸಂತೋಷದ ಸುದ್ದಿ ಎಂದುಕೊಂಡು ನರಸೀಪುರಕ್ಕೆ ಹೋದೆ. ಅವತ್ತು ನೀವು ಮೈಕಿನಲ್ಲಿ ಹೇಳಿದ್ದರಿಂದ ನನ್ನ ಮಗಳ ಕೈ ಉಳಿಯಿತು ಎಂದು ಹೇಳಿದೆ. ಅವರು ಎಡಗೈಯನ್ನು ಮಡಿಲಿಗೆ ಎಳೆದುಕೊಂಡರು.

"ವ್ಯಾನಲ್ಲಿ ನನ್ ತೊಡೆ ಮ್ಯಾಲೇ ಮಲುಗ್ತಿತ್ತಲ್ಲವ್ವ ಮಗ. ನನ್ನಿಂದ ಬಂತಾ?"

ನಿಮ್ಮಿಂದ ಗೊತ್ತಾಯಿತಣ್ಣ ಎಂದೆ.

"ಅದಲ್ಲ ನಾನ್ ಕೇಳಿದ್ದು."

ಗೊತ್ತಿಲ್ಲ ಎಂದೆ. ಡಾಕ್ಟರಿಗೂ ಗೊತ್ತಿಲ್ಲ ಎಂದೆ. ತಲೆಯಾಡಿಸಿದರು. ಮಗುವನ್ನು ಈ ಕಡೆ ಕರೆದುಕೊಂಡು ಬರಬೇಡ ಎಂದರು.

ಅದರ ಮರು ವರ್ಷ ಅವರು ಜ್ವರದಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದಕ್ಕೆ ಮುಂಚೆ, ಮಗಳ ಮಾತ್ರೆ ಮುಗಿದ ವಾರ, ಅವರ ಮಾತು ಮೀರಿ ಅವಳನ್ನು ಕರೆದುಕೊಂಡು ಹೋಗಿದ್ದೆ. ಅವರು ಜಗುಲಿಯ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಮುಖ ಹೊಳೆಯ ಕಡೆ ತಿರುಗಿಸಿಕೊಂಡರು. ದೂರ ಕೂರಿಸು ಎಂದರು. ನೀವು ಗುಣವಾಗಿದ್ದೀರಿ, ಅವಳೂ ಗುಣವಾಗಿದ್ದಾಳೆ, ಇನ್ನೆಂಥ ದೂರ ಎಂದು ನಾನು ಜಗಳಕ್ಕೇ ನಿಂತೆ. ಅವರು ಈ ಕಡೆ ತಿರುಗಲೇ ಇಲ್ಲ. ಎಡಗೈ ಮಾತ್ರ ಹಿಂದೆ ಜಗುಲಿಯ ಮೇಲೆ ಬಿದ್ದಿತ್ತು. ಮಗಳು ಸದ್ದಿಲ್ಲದೆ ಜರುಗಿ ಹೋಗಿ ಆ ಮಡಚಿದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನನ್ ಅತ್ರಕ್ಕೆ ಬುಡ್ಬ್ಯಾಡ ಕಣವ್ವ ಅವಳ್ನ" ಎಂದರು ಗಿಟಾರಣ್ಣ, ಹೊಳೆಯನ್ನೇ ನೋಡುತ್ತ.

ಇಲ್ಲಣ್ಣ, ಬಿಡಲ್ಲ ಎಂದೆ. ನಾವು ಹೊರಡುವವರೆಗೂ ಅವಳು ಆ ಕೈಯನ್ನು ಬಿಡಲಿಲ್ಲ, ಅವರಿಗೆ ಗೊತ್ತಾಗಲೂ ಇಲ್ಲ.