ಗಿಡ್ಡಿಯನ್ನು ಕರೆಯದ ದಿನಗಳು

ಹೊನ್ನಾಳಿಯಿಂದ ಕೆಳಗೆ, ತುಂಗಭದ್ರೆಯ ದಡದ ಊರಿಗೆ ಸೊಸೆಯಾಗಿ ಬಂದ ದಿನ ಸಾವಂತ್ರಮ್ಮ ಹೊಳೆಯ ಸದ್ದನ್ನು ಗಾಳಿಯೆಂದುಕೊಂಡಿದ್ದಳು. ಅವಳು ಜಗಳೂರು ಕಡೆಯವಳು. ಆಳದ ಬಾವಿಯೊಳಗೆ ಹಗ್ಗದ ತುದಿಗೆ ಸಿಗುವುದೇ ಅವಳಿಗೆ ಗೊತ್ತಿದ್ದ ನೀರು. ತಾನಾಗಿಯೇ ನಡೆದುಹೋಗುವ ಇಷ್ಟೊಂದು ನೀರನ್ನು ಕಂಡು, "ಇದು ಎಲ್ಲಿಗ್ ಹೊಂಟೈತ್ರಿ? ಯಾರೂ ಹಿಡ್ಕಳಲ್ವಾ?" ಎಂದು ಗಂಡನನ್ನು ಕೇಳಿದ್ದಳು. ಆ ಮಾತಿಗೆ ಊರೆಲ್ಲ ನಕ್ಕಿತ್ತು. ಈಗ ಗಂಡನಿಲ್ಲ, ತಲೆ ಪೂರ್ತಿ ನರೆತಿದೆ. ಆದರೂ ಬಟ್ಟೆ ಒಗೆಯಲು ಅವಳಿಗೆ ಕಾಲು ನೆನೆಯದಷ್ಟು ಮೇಲಿನ ಕಲ್ಲೇ ಬೇಕು.

ತವರಿನಿಂದ ಅವಳು ತಂದಿದ್ದು ಒಂದು ಕೂಗು. ಬಯಲಿನಲ್ಲಿ ಚೆದುರಿದ ಕುರಿಗಳನ್ನು ಅವಳಪ್ಪ ಹಟ್ಟಿಗೆ ಕರೆಯುತ್ತಿದ್ದ ಕೂಗು: "ಹುರ್ರ್ರ್... ಹೋ!" ಇಲ್ಲಿ ಕುರಿಯಿಲ್ಲ, ಹಾಗಾಗಿ ಅದರಿಂದ ಎಮ್ಮೆಯನ್ನೇ ಕರೆದಳು. ಅವಳ ಎಮ್ಮೆ ಗಿಡ್ಡಿ ಎಲ್ಲಿದ್ದರೂ ಆ ಕೂಗಿಗೆ ಮೇವು ಬಿಟ್ಟು ಎದ್ದು ಬರುತ್ತಿತ್ತು.

"ಪಾಪ, ಎಮ್ಮೆಗೆ ಕುರಿ ಭಾಷೆ ಕಲಿಸಿಟ್ಟೀಯಲ್ಲೇ ಸಾವಂತ್ರಿ" ಎಂದು ಪಕ್ಕದ ಮನೆಯ ಪ್ರೇಮಮ್ಮ ಛೇಡಿಸುವಳು.

"ನಿನ್ ಸೊಸೆಗಿಂತ ಚೊಲೊ ಕಲ್ತೈತೆ ಬಿಡೇ" ಎನ್ನುವಳು ಇವಳು.

ಹೊಳೆ ಸೊರಗಿದಾಗ ಊರಿನ ಎಮ್ಮೆಗಳು ನಡುಗಡ್ಡೆಗೆ ಹೋಗಿ ಮೇಯುವುದು ರೂಢಿ. ಈ ಸಲ ಮಲೆನಾಡಿನಲ್ಲಿ ಒಂದೇ ಸಮ ಮಳೆ ಹಿಡಿಯಿತು. ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಊರಲ್ಲಿ ಸಾರಿದ್ದೇ ಎಲ್ಲರೂ ಓಡಿಹೋಗಿ ತಮ್ಮ ತಮ್ಮ ಎಮ್ಮೆಗಳನ್ನು ಹೊಡೆದುಕೊಂಡು ಬಂದರು. ಗಿಡ್ಡಿ ಮಾತ್ರ ಸಿಗಲಿಲ್ಲ. ಅದಕ್ಕೆ ದಿನ ತುಂಬಿತ್ತು. ಈಯುವ ಎಮ್ಮೆ ಮರೆ ಹುಡುಕುತ್ತದೆ; ಜಾಲಿ ಪೊದೆಯೊಳಗೆ ಎಲ್ಲೋ ಮಲಗಿತ್ತೇನೋ. ಹುಡುಕುವಷ್ಟರಲ್ಲಿ ನೀರು ಸೊಂಟಕ್ಕೆ ಬಂತು, ಹೋದವರು ತಿರುಗಿ ಬಂದರು.

ಮರುದಿನ ನೋಡಿದರೆ ಹೊಳೆ ಕೆಂಪಗೆ, ಅಗಲವಾಗಿ, ಗುರುತು ಸಿಗದಂತೆ ಹರಿಯುತ್ತಿತ್ತು. ನಡುಗಡ್ಡೆಯ ನೆತ್ತಿಯಷ್ಟೇ ಹಸಿರಾಗಿ ಉಳಿದಿತ್ತು. ಅಲ್ಲಿ ಕಪ್ಪಗೆ ಗಿಡ್ಡಿ ನಿಂತಿತ್ತು. ಸಾವಂತ್ರಮ್ಮನಿಗೆ ತಡೆಯಲಾಗಲಿಲ್ಲ. "ಹುರ್ರ್ರ್... ಹೋ!"

ಗಿಡ್ಡಿ ತಲೆ ಎತ್ತಿತು. ಸೀದಾ ಇಳಿದು ಬಂದು ಮುಂಗಾಲು ನೀರಿಗಿಟ್ಟಿತು. ಇನ್ನೊಂದು ಹೆಜ್ಜೆ, ಎದೆಮಟ್ಟ ನೀರು.

ತೆಪ್ಪ ನಡೆಸುವ ಹಾಲೇಶಪ್ಪ ಓಡಿಬಂದು ಅವಳ ರಟ್ಟೆ ಹಿಡಿದು ಮರದ ಹಿಂದಕ್ಕೆ ಎಳೆದ. "ಅಕ್ಕಾ, ಬಾಯ್ ಮುಚ್ರಿ! ಕರದ್ರೆ ಅದು ಬಂದೇ ಬರ್ತೈತೆ. ಈ ಸೆಳುವಿನಾಗೆ ಬಿದ್ರೆ ಅದ್ರ ಕೊಂಬೂ ಸಿಗಲ್ಲ."

ಕೂಗು ನಿಂತ ಮೇಲೆ ಗಿಡ್ಡಿ ಬಹಳ ಹೊತ್ತು ಅಲ್ಲೇ ಕಿವಿ ಅಗಲಿಸಿ ನಿಂತಿತ್ತು. ಕೊನೆಗೆ ಹಿಂದಕ್ಕೆ ಹತ್ತಿತು.

"ನಿನ್ ತೆಪ್ಪ ಇಳಿಸಪ್ಪಾ."

"ಮರದ ದಿಮ್ಮಿ ತೇಲಿ ಬರಾದು ನಿಲ್ಲಲಿ. ಒಂದು ತಗುಲಿದ್ರೆ ನನ್ ತೆಪ್ಪ ಮುರ್ದು ಮಂಡಕ್ಕಿ ಪುಟ್ಟಿ ಆಗ್ತೈತೆ. ಅಲ್ಲೀಗಂಟ ನೀವು ಕರಿಯಂಗಿಲ್ಲ. ಮುಖಾನೂ ತೋರಿಸಂಗಿಲ್ಲ."

ಹಾಗಾಗಿ ಸಾವಂತ್ರಮ್ಮ ಗೋಣಿಚೀಲದ ಕೊಪ್ಪೆ ಹೊದ್ದು ಹೊಂಗೆಮರದ ಹಿಂದೆ ಕೂರತೊಡಗಿದಳು. ಕುಳಿತಲ್ಲೇ ನೋಡುವಳು. ನೋಡುತ್ತ ನೋಡುತ್ತ ನೀರು ನಿಂತುಬಿಟ್ಟು ನಡುಗಡ್ಡೆಯೇ ಮೇಲಕ್ಕೆ ಸಾಗುತ್ತಿರುವಂತೆ ಕಾಣುವುದು. ಗಿಡ್ಡಿ ಆ ಹಸಿರಿನ ಮೇಲೆ ಕೂತು ಎಲ್ಲಿಗೋ ಪ್ರಯಾಣ ಹೊರಟಿದೆ, ಬಹುಶಃ ಜಗಳೂರಿಗೇ. ಅಲ್ಲಿ ಅಪ್ಪ ಬಯಲಿನಲ್ಲಿ ನಿಂತಿದ್ದಾನೆ, ಕುರಿಗಳು ಮೋಡದಂತೆ ಬರುತ್ತಿವೆ, ಅವುಗಳ ನಡುವೆ ಒಂದು ಎಮ್ಮೆ. ಅಷ್ಟರಲ್ಲಿ ಒಂದು ದಿಮ್ಮಿ ಉರುಳಿ ಹೋಗುವುದು, ಹೊಳೆ ಮತ್ತೆ ಹೊಳೆಯಾಗುವುದು. ಹಾಲು ಕರೆಯುವ ಹೊತ್ತಿಗೆ ಕೂಗು ತಾನಾಗಿ ಗಂಟಲಿಗೆ ಬರುತ್ತಿತ್ತು. ಆಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವಳು.

ಒಂದು ಬೆಳಿಗ್ಗೆ ಮಂಜಿನಲ್ಲಿ ಗಿಡ್ಡಿಯ ಪಕ್ಕ ನೆರಳೊಂದು ಬಿದ್ದಿತ್ತು. ಬಿಸಿಲೇ ಇಲ್ಲ, ನೆರಳೆಲ್ಲಿಂದ ಎಂದುಕೊಳ್ಳುವಷ್ಟರಲ್ಲಿ ಅದು ಎದ್ದು ನಿಂತಿತು. ತಟ್ಟಾಡಿತು. ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿತು.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈಗ ಕರೆದರೆ ಎರಡೂ ಹೋದವು.

ನೀರು ಇಳಿಯಿತು, ಅವಸರವಿಲ್ಲದೆ. ಕೆಂಪು ತಿಳಿಯಾಗಿ ಕಂದು ಬಣ್ಣಕ್ಕೆ ತಿರುಗಿತು. ದಿಮ್ಮಿ ಬರುವುದು ನಿಂತಿತು. ಹಾಲೇಶಪ್ಪ ಡಾಂಬರು ಬಳಿದ ಬಿದಿರಿನ ತೆಪ್ಪವನ್ನು ಬುಟ್ಟಿಯಂತೆ ತಲೆಯ ಮೇಲೆ ಹೊತ್ತು ತಂದು ನೀರಿಗಿಳಿಸಿದ.

"ಹತ್ರಿ, ಅಕ್ಕಾ."

"ನಾನಾ? ನೀನೇ ಹೋಗಿ ಬಾರಪ್ಪಾ."

"ಈದ ಎಮ್ಮೆ ನನ್ನ ಹತ್ರ ಸೇರಿಸ್ತೈತೇನ್ರಿ? ಹಾಯ್ದು ಹೊಳಿಗೆ ಕೆಡುವ್ತೈತೆ. ಕುಂದ್ರಿ, ನೀರಿನ ಕಡೆ ನೋಡ್ಬ್ಯಾಡ್ರಿ."

ಅವಳು ತೆಪ್ಪದ ಅಂಚು ಹಿಡಿದು ಕುಳಿತಳು. ತೆಪ್ಪ ಮೆಲ್ಲಗೆ ಸುತ್ತುತ್ತ ಸಾಗಿತು. ಊರು, ಆಕಾಶ, ಮರ, ಮತ್ತೆ ಊರು ಅವಳ ಸುತ್ತ ತಿರುಗಿದವು. ನಡುಗಡ್ಡೆಗೆ ತೆಪ್ಪ ತಾಗಿದ್ದೇ ಗಿಡ್ಡಿ ಕೊಂಬು ತಗ್ಗಿಸಿ ಬುಸುಗುಟ್ಟಿತು. ಹಾಲೇಶಪ್ಪ ಹುಟ್ಟನ್ನು ಅಡ್ಡ ಹಿಡಿದು ನಿಂತ. "ಈಗ ಕರೀರಿ, ಅಕ್ಕಾ. ಈಗ ಕರೀಬೋದು."

ಅವಳು ಬಾಯಿ ತೆರೆದಳು. ಕೂಗು ಬರಲಿಲ್ಲ. ಇಷ್ಟು ದಿನ ನುಂಗಿ ನುಂಗಿ ಅದು ಎಲ್ಲೋ ಕೆಳಗೆ ಇಳಿದುಹೋಗಿತ್ತು. ಕೊನೆಗೆ ಬಂದದ್ದು ಬರೀ ಉಸಿರಿನಂಥ ಒಂದು "ಹೋ". ಗಿಡ್ಡಿಯ ಕಿವಿಗಳು ಹೊರಳಿದವು. ಕೊಂಬು ಮೇಲೆದ್ದಿತು. ಹತ್ತಿರ ಬಂದು ಅವಳ ಕೊಪ್ಪೆಯನ್ನು ಮೂಸಿ, ಅನುಮಾನ ತೀರದೆ ಕೈಯನ್ನೂ ಮೂಸಿತು.

ಬರುವಾಗ ಕರು ಅವಳ ಮಡಿಲಲ್ಲಿತ್ತು, ಬೆಚ್ಚಗೆ, ಎಲುಬು ಎಲುಬಾಗಿ. ಗಿಡ್ಡಿ ಮೂಗು ಮೇಲೆತ್ತಿ ತೆಪ್ಪದ ಹಿಂದೆಯೇ ಈಜಿ ಬಂತು. ಕರು ಅತ್ತಾಗಲೆಲ್ಲ ನೀರಿನಿಂದಲೇ ಓಗೊಟ್ಟಿತು.

"ನನ್ ಪಾಲಿನ ಗಿಣ್ಣು ಹೋತಲ್ಲಕ್ಕಾ," ಹಾಲೇಶಪ್ಪ ಹುಟ್ಟು ಹಾಕುತ್ತ ಗೊಣಗಿದ. "ಮೊದಲ ಹಾಲೆಲ್ಲ ಈ ಪೋರನೇ ಕುಡ್ದು ಮುಗಿಸೈತೆ."

"ಬರೋ ವರ್ಷ ತಿನ್ನುವಂತೆ, ಹುಟ್ಟು ಹಾಕು."

ದಡದಲ್ಲಿ ಕರುವನ್ನು ಇಳಿಸಿದ್ದೇ ಗಿಡ್ಡಿ ನೀರು ಸುರಿಸುತ್ತ ಮೇಲೆ ಬಂದು, ಅದರ ಮೈಯನ್ನೆಲ್ಲ ಒಂದು ಸಲ ನೆಕ್ಕಿತು. ಆಮೇಲೆ ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿಯಿತು. ಹಿಂದೆ ಕರು. ಅದರ ಹಿಂದೆ, ಕೊಪ್ಪೆಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸಾವಂತ್ರಮ್ಮ.