ಗಾಜಿನ ತಟ್ಟೆಯ ಬೂಷ್ಟು

“ಎಲೆ ಹಸಿರಾಗಿ ಫಳಫಳ ಅಂತಿತ್ತು ಅತ್ತಿಗೆ, ಒಂದು ಚುಕ್ಕೆ ಕೂಡ ಇರಲಿಲ್ಲ. ನಮ್ಮ ಲ್ಯಾಬಲ್ಲಿ ಕೆಲಸ ಮಾಡೋ ಹುಡುಗಿ ಅದನ್ನ ಔಷಧಿ ನೀರಲ್ಲಿ ತೊಳೆದು, ಚೂರು ಮಾಡಿ ನಾನು ತೊಳೆದ ತಟ್ಟೇಲಿ ಇಟ್ಟಳು. ಐದು ದಿನಕ್ಕೆ ನೋಡಿದ್ರೆ ಒಂದೊಂದು ಚೂರಿಂದ ಒಂದೊಂದು ಬಣ್ಣದ ಬೂಷ್ಟು. ಬಿಳಿ, ಕಪ್ಪು, ತಿಳಿಗೆಂಪು. ಕೈ ತೊಳೀದೆ ಮುಟ್ಟಿದಾಳೆ ಅಂತ ನಾನೇ ಸಾಹೇಬರ ಕಿವಿಗೆ ಹಾಕಿದೆ.”

ನನ್ನ ನಾದಿನಿ ಗಿಡಗಳ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜಿನ ತಟ್ಟೆ ತೊಳೆಯುವವಳು. ತನ್ನ ತಟ್ಟೆಯಲ್ಲಿ ಬೂಷ್ಟು ಬಂದರೆ ತಪ್ಪು ಬೇರೆಯವರದೇ ಎಂಬುದು ಅವಳ ಜಂಬ. ಅವಳ ಮಾತು ಕೇಳಿ ಹುಡುಗಿಯನ್ನು ಅಂಗಳ ಗುಡಿಸಲು ಹಾಕಿದರು. ತಿಂಗಳ ಮೇಲೆ ಹಿರಿಯ ಮೇಡಂ ತಾವೇ ಎಲೆ ತೊಳೆದು ಇಟ್ಟು ನೋಡಿದರೆ, ಮತ್ತೆ ಅದೇ ಬೂಷ್ಟು. ಆರೋಗ್ಯವಾದ ಗಿಡದೊಳಗೂ ಹತ್ತಾರು ಬಗೆಯ ಶಿಲೀಂಧ್ರಗಳು ಏನೂ ಕೇಡು ಮಾಡದೆ ಬದುಕಿರುತ್ತವಂತೆ; ತಟ್ಟೆಯಲ್ಲಿ ಬೆಳೆದದ್ದು ಅವೇ ಅಂತೆ. ಹುಡುಗಿ ಒಳಗಿನ ಕೆಲಸಕ್ಕೆ ಮರಳಿದಳು. ಆ ಸಂಜೆ ನಾದಿನಿ ನನ್ನ ಬಳಿ ಬಂದು ಇದೆಲ್ಲ ಹೇಳಿ ಅತ್ತಳು.

“ನನ್ನ ಹತ್ರ ಅತ್ತರೆ ಏನು ಬಂತು? ಅವಳ ಹತ್ರ ಹೇಳು,” ಎಂದೆ.

ಮರುದಿನ ನಲ್ಲಿಯ ಬಳಿ, ದೂರು ಹೇಳಿದ್ದು ತಾನೇ ಎಂದು ಹುಡುಗಿಗೆ ಹೇಳಿದಳಂತೆ. ಹುಡುಗಿ ತಲೆ ಎತ್ತದೆ, “ಗೊತ್ತಿತ್ತಮ್ಮ. ನಿಮ್ಮ ತಟ್ಟೆ ಜಂಬ ಇಡೀ ಆಫೀಸಿಗೇ ಗೊತ್ತು. ಒಂದು ತಿಂಗಳು ಪೊರಕೆ ಹಿಡಿದೆ, ನೀವು ಒಂದ್ಸಲಾನೂ ಈಚೆ ಬಂದು ಮಾತಾಡಿಸಲಿಲ್ಲ. ಅದೇ ಬೇಜಾರು,” ಎಂದಳಂತೆ.

ಹುಡುಗಿ ಒಂದು ತಟ್ಟೆ ಉಜ್ಜಿ ನಾದಿನಿಯತ್ತ ಚಾಚಿದಳು. ಇವಳು ಅದನ್ನು ನಲ್ಲಿಗೆ ಹಿಡಿದು ತೊಳೆದು, ಬಟ್ಟೆಯ ಮೇಲೆ ಕವುಚಿಟ್ಟಳು.